ಪಶ್ಚಾತ್ತಾಪ ಯಾರ ಮುಂದೆ?

ಬ್ರಿಟಿಷ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರು ಅಣುಬಾಂಬ್ ಕಟ್ಟಿದ ವಿಜ್ಞಾನಿಯ ಮೇಲೆ ಮಾಡಿದ ‘ಆಪನ್‌ಹೈಮರ್’ ಸಿನಿಮಾ 2023ರ ಜುಲೈನಲ್ಲಿ ತೆರೆಕಂಡಾಗ ನಮ್ಮಲ್ಲಿ ಗಲಾಟೆ ಎದ್ದದ್ದು ಒಂದೇ ದೃಶ್ಯಕ್ಕೆ. ಹಾಸಿಗೆಯ ಮೇಲೆ ಪ್ರೇಯಸಿಯೊಂದಿಗಿದ್ದಾಗ ನಾಯಕ ಭಗವದ್ಗೀತೆಯ ಸಾಲನ್ನು ಓದುತ್ತಾನೆ, ಇದು ಧರ್ಮಕ್ಕೆ ಅಪಚಾರ ಎಂದು ಕೆಲವರು ಕೂಗಾಡಿದರು. ಗೀತೆ ಹುಟ್ಟಿದ್ದೇ ಹೆಣ ಬೀಳಲಿರುವ ಬಯಲಿನಲ್ಲಿ. ಒಂದು ಹಾಸಿಗೆಯಿಂದ ಅದಕ್ಕೆ ಮೈಲಿಗೆಯಾಗದು. ಆ ಮಾತನ್ನು ಎಲ್ಲಿ ಆಡಿದರು ಎನ್ನುವುದಕ್ಕಿಂತ, ಆಡಿದವನು ಆಮೇಲೆ ಯಾರ ಮುಂದೆ ನಿಲ್ಲಬೇಕು ಎಂಬುದೇ ನಿಜವಾದ ಧಾರ್ಮಿಕ ಪ್ರಶ್ನೆ. ಅದನ್ನು ಯಾರೂ ಎತ್ತಲಿಲ್ಲ.

ಮೂರು ಗಂಟೆಯ ಆ ಸಿನಿಮಾದಲ್ಲಿ ಹಿರೋಶಿಮಾ ಊರು ಒಂದು ಕ್ಷಣವೂ ಕಾಣುವುದಿಲ್ಲ. ಬಾಂಬ್ ಬಿದ್ದ ಸುದ್ದಿ ನಾಯಕನಿಗೆ ರೇಡಿಯೋದಿಂದ ತಲುಪುತ್ತದೆ. ಕಾಲು ಬಡಿದು ಕೇಕೆ ಹಾಕುವ ತನ್ನವರೆದುರು ಭಾಷಣ ಮಾಡುತ್ತಿರುವಾಗ ಒಬ್ಬ ಯುವತಿಯ ಮುಖದ ಚರ್ಮ ಸುಲಿದಂತೆ ಅವನಿಗೆ ಕಾಣುತ್ತದೆ, ಕಾಲಡಿಗೆ ಕರಕಲಾದ ದೇಹ ಸಿಕ್ಕಂತಾಗುತ್ತದೆ. ಆದರೆ ಆ ಯುವತಿಯೂ ಅವನ ಕಡೆಯವಳೇ. ಮುಂದೆ ಹಿರೋಶಿಮಾದ ಚಿತ್ರಗಳನ್ನು ತೋರಿಸುವ ಸಭೆಯಲ್ಲಿ ಕ್ಯಾಮೆರಾ ನೋಡುವುದು ಚಿತ್ರಗಳನ್ನಲ್ಲ, ಅವನ ಮುಖವನ್ನು. ಅವನೋ ಕಣ್ಣು ತಪ್ಪಿಸುತ್ತಾನೆ. ತನ್ನ ಕೈಗೆ ರಕ್ತ ಅಂಟಿದೆ ಎಂದು ಅವನು ಹೇಳಿಕೊಳ್ಳುವುದು ಅಧ್ಯಕ್ಷ ಟ್ರೂಮನ್ ಎದುರು, ಅಂದರೆ ಬಾಂಬ್ ಹಾಕಲು ಅಪ್ಪಣೆ ಕೊಟ್ಟವನ ಎದುರು. ಸತ್ತವರ ಕಡೆಯವರು ಆ ಕೋಣೆಯಲ್ಲಿ ಒಬ್ಬರೂ ಇಲ್ಲ.

ಈ ಗೈರುಹಾಜರಿಗೆ ನಮ್ಮ ಸೀಮೆಯವರಿಗೆ ಗೊತ್ತಿರುವ ಹಳೆಯ ಜೋಡಿಯೊಂದುಂಟು. ಕೊಪ್ಪಳ ಜಿಲ್ಲೆಯ ನಮ್ಮ ಕುಕನೂರಿನವರಿಗೆ ಅಶೋಕ ದೂರದ ರಾಜನಲ್ಲ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಕಿರು ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಅವು ಹೇಳುವುದು ಧರ್ಮದಲ್ಲಿ ಪಟ್ಟ ಶ್ರಮದ ಕತೆಯನ್ನು, ಕಳಿಂಗ ಯುದ್ಧದ ಸೊಲ್ಲಿಲ್ಲ. ಯುದ್ಧದ ಪಶ್ಚಾತ್ತಾಪ ಇರುವುದು 13ನೆಯ ಬಂಡೆಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಒಯ್ದದ್ದನ್ನು, ಒಂದು ಲಕ್ಷ ಜನ ಹತರಾದದ್ದನ್ನು ಅಂಕಿಸಹಿತ ಒಪ್ಪಿಕೊಂಡ ರಾಜ ಅವನು. ಪ್ರಾಚೀನ ಜಗತ್ತಿನಲ್ಲಿ ಇಂಥ ಒಪ್ಪಿಗೆ ಅಪರೂಪ. ಈ ಮಾತು ವಾಯವ್ಯದ ಶಹಬಾಜ್‌ಗಢಿಯವರೆಗೆ ಹೋಯಿತು, ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಕೆತ್ತಲ್ಪಟ್ಟಿತು. ಕಳಿಂಗದ ನೆಲವಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಅದಿಲ್ಲ. ಅಲ್ಲಿ ಅದರ ಜಾಗಕ್ಕೆ, ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ತಿಳಿಹೇಳುವ ಬೇರೆ ಶಾಸನಗಳನ್ನು ಹಾಕಿಸಿದ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಚಪ್ಪಡಿಯಲ್ಲೂ ಆ ಬೇರೆ ಶಾಸನಗಳಿವೆ. ಹೊಡೆದದ್ದಕ್ಕೆ ದುಃಖಪಟ್ಟದ್ದು ಲೋಕಕ್ಕೆಲ್ಲ ಗೊತ್ತಾಯಿತು, ಹೊಡೆಸಿಕೊಂಡವರಿಗೆ ಹೇಳಲಿಲ್ಲ.

ಇದಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ಗಾಯ ಹಸಿಯಾಗಿರುವಲ್ಲಿ ಸತ್ತವರ ಲೆಕ್ಕವನ್ನು ಕೆತ್ತಿಸಿದ್ದರೆ ಅದು ಗೆದ್ದವನ ಜಂಬದಂತೆಯೂ ಕೇಳಿಸಬಹುದಿತ್ತು. ರಾಜನ ಮೌನ ವಿವೇಕವೇ. ಹಾಗೆಯೇ, ಸುಟ್ಟ ದೇಹಗಳನ್ನು ದೊಡ್ಡ ಪರದೆಯ ಮೇಲೆ ಮೆರೆಸಿ ಟಿಕೆಟ್ ಮಾರುವುದು ಸತ್ತವರಿಗೆ ಎರಡನೆಯ ಅವಮಾನ. ನೋಲನ್ ಬಾಂಬಿನ ಕತೆಯನ್ನು ನಾಯಕನ ಕಣ್ಣಿನಿಂದಲೇ ಹೇಳಿದ್ದಾರೆ, ಅವನು ಕಾಣದ ಹಿರೋಶಿಮಾವನ್ನು ತೋರಿಸಲಿಲ್ಲ. ಎರಡನೆಯ ಮಾತನ್ನು ಬಹುಪಾಲು ಒಪ್ಪುತ್ತೇನೆ. ನನ್ನ ತಕರಾರು ಹೆಣಗಳನ್ನು ತೋರಿಸಲಿಲ್ಲ ಎಂಬುದಲ್ಲ. ಬದುಕಿ ಉಳಿದವರೊಬ್ಬರ ದನಿಯೂ ಆ ಮನುಷ್ಯನ ಪಶ್ಚಾತ್ತಾಪವನ್ನು ಅಡ್ಡಗಟ್ಟುವುದಿಲ್ಲ ಎಂಬುದು. ಅಡ್ಡಗಟ್ಟುವವರಿಲ್ಲದ ಪಶ್ಚಾತ್ತಾಪ ತನ್ನ ಗಾತ್ರವನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ, ಸಾಕೆನಿಸಿದಾಗ ನಿಲ್ಲುತ್ತದೆ. ನಿಜವಾದ ಆಪನ್‌ಹೈಮರ್ 1960ರಲ್ಲಿ ಜಪಾನಿಗೆ ಹೋದರು, ಹಿರೋಶಿಮಾಕ್ಕೆ ಹೋಗಲಿಲ್ಲ. ಕೋಪಣವೆಂಬ ಹೆಸರಿನಿಂದ ಈ ಕೊಪ್ಪಳವನ್ನು ತೀರ್ಥವೆಂದು ಬಗೆದ ಜೈನರು ಈ ತೊಡಕನ್ನು ಚೆನ್ನಾಗಿ ಬಲ್ಲವರು: ಪ್ರತಿಕ್ರಮಣದಲ್ಲಿ ತನ್ನ ದೋಷವನ್ನು ತಾನೇ ನೆನೆಯುವುದುಂಟು, ಅಷ್ಟಕ್ಕೇ ಮುಗಿಯದು. ಕ್ಷಮಾವಣಿಯ ದಿನ ನೋಯಿಸಿದವರ ಎದುರು ಹೋಗಿ ಕೈಮುಗಿದು ಕೇಳಬೇಕು.

ಇನ್ನು ಗೀತೆ. ನಾಯಕ ಓದುವ ಆ ಶ್ಲೋಕದಲ್ಲಿರುವುದು ‘ನಾನು ಕಾಲ’ ಎಂಬ ಮಾತು. ಆಪನ್‌ಹೈಮರ್‌ಗೆ ಬರ್ಕ್ಲಿಯಲ್ಲಿ ಸಂಸ್ಕೃತ ಕಲಿಸಿದ ಆರ್ಥರ್ ರೈಡರ್ ಅದನ್ನು ‘ಮೃತ್ಯು’ ಎಂದು ಇಂಗ್ಲಿಷಿಗೆ ತಂದರು. ಮಾತನಾಡುವವನು ಕೃಷ್ಣ, ಬಿಲ್ಲು ಹಿಡಿದವನು ನಿಮಿತ್ತ ಮಾತ್ರ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಬಾಂಬ್ ಕಟ್ಟಿದವನು ಕೃಷ್ಣನ ಸಾಲನ್ನು ಹೇಳಿಕೊಂಡರೆ ಅಹಂಕಾರ, ಅರ್ಜುನನ ಜಾಗದಲ್ಲಿ ಕುಳಿತರೆ ನೆಪ. ಕುಕನೂರಿನ ಮಹಾಮಾಯೆಯ ಗುಡಿಗೆ ಬಂದ ರೈತ ಫಸಲು ತೋರಿಸಿ ‘ನಂದೇನೈತಿ, ಎಲ್ಲಾ ಆಕಿದು’ ಎಂದರೆ ಅದು ವಿನಯ. ಅದೇ ಮಾತನ್ನು ನೆರೆಯವನ ಬಣವಿಗೆ ಬೆಂಕಿ ಇಟ್ಟವನು ಆಡಿದರೆ ಊರು ಒಪ್ಪೀತೇ?

ಹಾಗಾದರೆ ಗೀತೆಯೇ ಕೊಂದವನಿಗೆ ನುಣುಚಿಕೊಳ್ಳುವ ದಾರಿ ತೋರಿಸುತ್ತದೆ ಎನ್ನಬಹುದಲ್ಲ? ಭೀಷ್ಮಪರ್ವದಲ್ಲೇ ಪುಸ್ತಕ ಮುಚ್ಚಿದರೆ ಹಾಗೆಯೇ ತೋರುತ್ತದೆ. ವ್ಯಾಸರು ಅಲ್ಲಿಗೆ ಮುಚ್ಚಲಿಲ್ಲ. ಸ್ತ್ರೀಪರ್ವದಲ್ಲಿ ಗಾಂಧಾರಿ ರಣಭೂಮಿಗೆ ಬಂದು ಒಂದೊಂದೇ ಹೆಣವನ್ನು ಗುರುತಿಸಿ, ತಡೆಯಬಲ್ಲವನಾಗಿದ್ದೂ ನೀನು ತಡೆಯಲಿಲ್ಲ ಎಂದು ಕೃಷ್ಣನನ್ನು ಹಿಡಿದು ನಿಲ್ಲಿಸುತ್ತಾಳೆ. 36 ವರ್ಷದ ಮೇಲೆ ನಿನ್ನ ಕುಲವೂ ಹೀಗೇ ಅಳಿಯಲಿ ಎನ್ನುತ್ತಾಳೆ. ತಾನೇ ಕಾಲವೆಂದಿದ್ದವನು ಆಗ ಕಾಲದ ಮೇಲೆ ಹೊರೆ ಹಾಕುವುದಿಲ್ಲ. ತಿರುಗಿ ಅವಳಿಗೂ ಒಂದೆರಡು ಕಟುಮಾತು ಆಡುತ್ತಾನೆ, ನಿಜ; ಶಾಪವನ್ನು ಮಾತ್ರ ತೆಗೆದುಕೊಳ್ಳುತ್ತಾನೆ. ವಿಶ್ವರೂಪದ ಭವ್ಯತೆಯನ್ನು ಒಬ್ಬ ತಾಯಿಯ ಎದುರು ತಂದು ಪರೀಕ್ಷಿಸುವ ಆ ಘಟ್ಟ ನೋಲನ್ ಸಿನಿಮಾದಲ್ಲಿಲ್ಲ. ಇದ್ದಿದ್ದರೆ ನಾಯಕ ಚಿಕ್ಕವನಾಗುತ್ತಿದ್ದ, ಸಿನಿಮಾ ದೊಡ್ಡದಾಗುತ್ತಿತ್ತು.

ಏಳು ಆಸ್ಕರ್ ಗೆದ್ದ ಮೇಲೆ, 2024ರ ಮಾರ್ಚ್ 29ರಂದು, ಬಹುತೇಕ ದೇಶಗಳಿಗಿಂತ ಎಂಟು ತಿಂಗಳು ತಡವಾಗಿ ಸಿನಿಮಾ ಜಪಾನಿನಲ್ಲಿ ಬಿಡುಗಡೆಯಾಯಿತು. ಕೆಲವು ಚಿತ್ರಮಂದಿರಗಳು ಬಾಗಿಲಲ್ಲೇ ಎಚ್ಚರಿಕೆಯ ಫಲಕ ಹಾಕಿದ್ದವು. ಸಿನಿಮಾ ನೋಡಿದ ಹಿರೋಶಿಮಾದ ಮಾಜಿ ಮೇಯರ್ ಒಬ್ಬರು, ತಮ್ಮ ಊರಿನ ಕಡೆಯಿಂದ ನೋಡಿದರೆ ಅಣ್ವಸ್ತ್ರದ ಭೀಕರತೆ ಇದರಲ್ಲಿ ಸಾಕಷ್ಟು ಮೂಡಿಲ್ಲ ಎಂದರು.