ಕೌಂಟರಿನಿಂದ ಈಚೆಗೆ

ನಮ್ಮ ಕಾಲೇಜುಗಳ ಎಷ್ಟೋ ಮಕ್ಕಳು ಲೈಬ್ರರಿಯನ್‌ ಜತೆ ನಾಲ್ಕು ಮಾತಾಡುವುದು ಕೊನೆಯ ಸೆಮಿಸ್ಟರಿನಲ್ಲಿ, ನೋ ಡ್ಯೂ ಸಹಿಗೆ ಬಂದಾಗ. ಆ ಮಾತೂ ಕಳೆದುಹೋದ ಪುಸ್ತಕದ ದಂಡದ್ದೇ. ಹಾಗೆಂದು ಲೈಬ್ರರಿಯನ್ನರಾದ ನಾವು ಅವರನ್ನು ಕರೆಯದೆ ಬಿಟ್ಟವರಲ್ಲ. ಆಗಸ್ಟ್ 12ರ ಗ್ರಂಥಾಲಯ ದಿನಾಚರಣೆ ಬಂತೆಂದರೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಫೋಟೋಗೆ ಹಾರ, ಹೊಸ ಪುಸ್ತಕಗಳ ಪ್ರದರ್ಶನ, ಉತ್ತಮ ಓದುಗ ಬಹುಮಾನ. ಆ ವಾರ ಗೇಟ್ ರಿಜಿಸ್ಟರಿನಲ್ಲಿ ಸಹಿಗಳು ಏರುತ್ತವೆ. ಮರುವಾರ ಉಳಿಯುವವರು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ತಮ್ಮದೇ ಪುಸ್ತಕ ತಂದು ಓದುವವರು. (ಅವರ ಮೇಲೆ ನನಗೆ ಗೌರವವಿದೆ. ನಮ್ಮ ಫ್ಯಾನನ್ನೂ ಮೌನವನ್ನೂ ಅವರಷ್ಟು ಚೆನ್ನಾಗಿ ಬಳಸಿಕೊಂಡವರಿಲ್ಲ.)

ಪುಸ್ತಕಕ್ಕೆ ಓದುಗನನ್ನು ಹುಡುಕಿಕೊಡುವುದೂ ಗ್ರಂಥಾಲಯದ ಹೊಣೆಯೆಂದು ರಂಗನಾಥನ್ 1931ರ ತಮ್ಮ ಐದು ಸೂತ್ರಗಳ ಗ್ರಂಥದಲ್ಲೇ ಹೇಳಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಅದಕ್ಕೂ ಒಂದು ಹೆಜ್ಜೆ ಮುಂದಿದ್ದವು: ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ ಹೇಳಿದರು, ಆ ಮಾತುಗಳು ಅಗ್ಗದ ಪುಟ್ಟ ಪುಸ್ತಕಗಳಾದವು. ಅಲ್ಲಿ ತಿಳಿವೇ ಎದ್ದು ಜನರ ಬಳಿಗೆ ಹೊರಟಿತ್ತು. ನಮ್ಮ ಗ್ರಂಥಾಲಯಗಳ ವಿಸ್ತರಣಾ ಸೇವೆಯಿಂದ ಹೊರಟದ್ದು ಹೆಚ್ಚಾಗಿ ಬರೀ ಕರೆಯೋಲೆ.

ಕರೆಯೋಲೆಗೂ ಈಗ ಅರ್ಥ ಉಳಿದಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ, ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಆನ್‌ಲೈನಿನಲ್ಲೇ ಸಿಗಬೇಕು. ಯಾವ ಪತ್ರಿಕೆ ತರಿಸಬೇಕೆಂಬ ನಮ್ಮ ಹಳೆಯ ಅಧಿಕಾರ ಇದರಿಂದ ಬಹುಪಾಲು ಹೋಯಿತು. ಉಳಿದಿರುವುದು ಕೊನೆಯ ಮೈಲಿ: ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಪ್ರಶ್ನೆಗೂ ಆ ಇಂಗ್ಲಿಷ್ ರಾಶಿಗೂ ನಡುವಿನ ದಾರಿ.

ಒಮ್ಮೆ ಅರ್ಥಶಾಸ್ತ್ರ ವಿಭಾಗದ ಪ್ರಾಜೆಕ್ಟ್ ಚರ್ಚೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಲೆನಾಡಿನ ಒಬ್ಬಳು ಎಂ.ಎ. ವಿದ್ಯಾರ್ಥಿನಿ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಬರೆಯುವ ಆಸೆಯಿಟ್ಟುಕೊಂಡಿದ್ದಳು. ಅವರ ಮನೆಯ ತೋಟವೇ ಸೊರಗುತ್ತಿತ್ತು. 'ನೆಟ್‌ನಲ್ಲಿ ಏನೂ ಇಲ್ಲ ಸರ್' ಎಂದಳು. ಇಬ್ಬರೂ ಕೂತು ಬೆಳೆಯ ಶಾಸ್ತ್ರೀಯ ಹೆಸರು, ರೋಗಕ್ಕಿರುವ ಇಂಗ್ಲಿಷ್ ಹೆಸರು ಹಾಕಿ ಹುಡುಕಿದೆವು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳನ್ನೂ ತೆರೆದೆವು. ಶಿಲೀಂಧ್ರದ ಬಗ್ಗೆ ಬೇಕಾದಷ್ಟು ಸಿಕ್ಕಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಕೂಲಿ, ಸಣ್ಣ ಹಿಡುವಳಿದಾರನ ಸಾಲ ಇವುಗಳ ಬಗ್ಗೆ ಸಿಕ್ಕಿದ್ದು ಬಲು ಕಡಿಮೆ. ಆ ಕೊರತೆಯೇ ಅವಳ ವಿಷಯವಾಯಿತು. ಇದೇ ಹುಡುಗಿ ಕೌಂಟರಿಗೆ ಬಂದಿದ್ದರೆ 'ಅಡಿಕೆ ಪುಸ್ತಕ ಇದೆಯಾ ಸರ್' ಎಂದು ಕೇಳುತ್ತಿದ್ದಳು, ನಾನು ರ‍್ಯಾಕ್ ನಂಬರು ಹೇಳುತ್ತಿದ್ದೆ, ಕೆಲಸ ಮುಗಿಯಿತೆಂದು ಇಬ್ಬರೂ ನಂಬುತ್ತಿದ್ದೆವು.

ಪ್ರಶ್ನೆ ಇನ್ನೂ ಹಸಿಯಾಗಿರುವಾಗ ಅದರ ಹತ್ತಿರ ಇರುವುದೇ ವಿಸ್ತರಣಾ ಸೇವೆಯ ತಿರುಳೆಂದು ನನಗೆ ಈಗ ಅನ್ನಿಸುತ್ತದೆ. ಚಾಟ್‌ಜಿಪಿಟಿ ಬಂದ ಮೇಲಂತೂ ಇದು ತುರ್ತು. ಲೇಖಕರ ಹೆಸರು ನಿಜ, ಪ್ರಕಾಶಕರು ನಿಜ, ಪುಸ್ತಕ ಮಾತ್ರ ಹುಟ್ಟೇ ಇಲ್ಲ. ಅದು ಕೊಟ್ಟ ಅಂಥ ಪಟ್ಟಿ ಹಿಡಿದು ಮಕ್ಕಳು ಬರುತ್ತಾರೆ. ಇಲ್ಲದ ಪುಸ್ತಕ ಇಲ್ಲವೆಂದು ತೋರಿಸಿಕೊಡುವ ಕೆಲಸ ರಂಗನಾಥನ್ ಅವರ ಸೂತ್ರಗಳ ಕಾಲಕ್ಕೆ ಹೊಳೆಯುವಂಥದ್ದೂ ಆಗಿರಲಿಲ್ಲ.

ಆದರೆ ಇದನ್ನು ಅಳೆಯುವ ಕೋಲು ಇಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ನಮೂನೆ ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಲಾಗಿನ್ ಆಯಿತು ಎಂದು ಕೇಳುತ್ತದೆ. ಒಂದು ಮಧ್ಯಾಹ್ನ ಒಬ್ಬಳೊಂದಿಗೆ ಕೂತದ್ದು ಅದರಲ್ಲಿ ಒಂದು ಲಾಗಿನ್ನು, ಅಷ್ಟೆ. ಎಷ್ಟೋ ಕಾಲೇಜುಗಳಲ್ಲಿ ಆ ನಮೂನೆ ತುಂಬುವವರೂ ಲೈಬ್ರರಿಯನ್ನರೇ, ಕೂರಬೇಕಾದ ಮಧ್ಯಾಹ್ನಗಳನ್ನು ಅದಕ್ಕೇ ಸುರಿಯುತ್ತ.

ಪ್ರಾಂಶುಪಾಲರಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. ಗ್ರಂಥಾಲಯ ದಿನಾಚರಣೆಯ ಫ್ಲೆಕ್ಸಿನ ದುಡ್ಡು ಉಳಿಸಿಕೊಳ್ಳಿ. ಪ್ರಾಜೆಕ್ಟ್ ವಿಷಯ ಆರಿಸುವ ವಾರದಲ್ಲಿ ಪ್ರತಿ ವಿಭಾಗದ ವೇಳಾಪಟ್ಟಿಯಲ್ಲಿ ಎರಡು ಪೀರಿಯಡ್ ಲೈಬ್ರರಿಯನ್ನರಿಗೆ ಕೊಡಿ, ಆ ವಿಷಯದ ಮೇಷ್ಟ್ರೂ ಜತೆಗೆ ಕೂರುವಂತೆ.