ನಮ್ಮ ದಾನ, ಬಡವರ ಮುಖ

“ಫೋಟೊ ಹಾಕದಿದ್ದರೆ ಜನ ಕೊಡುವುದಿಲ್ಲ ಫಾದರ್” ಎನ್ನುವ ಸೇವಾಸಂಸ್ಥೆಯವರುಂಟು. ಮಾಡಿದ ಸೇವೆಯನ್ನು ತಿಳಿಸದೆ ನೆರವು ಬಾರದು, ನಿಜ. ಆದರೆ ಅಕ್ಕಿ ಚೀಲ ಹಿಡಿದು ನಿಂತ ವಿಧವೆಯ ಚಿತ್ರವನ್ನು ಊರೆಲ್ಲ ನೋಡಿದ ಮರುದಿನ ಅವಳ ಮಗಳು ಶಾಲೆಗೆ ಹೋಗಬೇಕಲ್ಲವೇ?

ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಸಂತ ಪೌಲರು ಕೊರಿಂಥದವರಿಗೆ ಬರೆದ 2ನೇ ಪತ್ರದ 8ನೇ ಅಧ್ಯಾಯ ಓದಿ ನೋಡಿ. ಆ ಬಡವರ ಗೋಳಿನ ವರ್ಣನೆ ಅಲ್ಲಿಲ್ಲ. ಇರುವುದು ಕೊಟ್ಟವರ ಕಥೆ: ಕಡುಬಡತನದಲ್ಲೂ ಉದಾರವಾಗಿ ನೀಡಿದ ಮಕೆದೋನಿಯದವರದು. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು ತೀತನೊಡನೆ, ಸಭೆಗಳೆಲ್ಲ ಮೆಚ್ಚಿದ ಸಹೋದರನೊಬ್ಬನನ್ನೂ ಕಳುಹಿಸಿದರು. (ಪ್ರೇಷಿತರೇ ಇಷ್ಟು ಎಚ್ಚರ ವಹಿಸಿದ ಮೇಲೆ ನಮಗೆ ರಶೀದಿ ಪುಸ್ತಕ ಭಾರವಾಗಬಾರದು!)

ಸಂಸ್ಥೆಯವರು ಬಂದಾಗ ಲೆಕ್ಕವನ್ನು ಧಾರಾಳವಾಗಿ ಕೇಳಿ. ಯಾರ ಮನೆಯ ಒಲೆ ಉರಿಯಿತೆಂದು ಮಾತ್ರ ಕೇಳಬೇಡಿ.