ವೈದ್ಯರ ಒಪ್ಪಿಗೆ

ನಲವತ್ತು ದಾಟಿದ ಗಂಡಸಿಗೆ ಒಂದು ದಿನ ಇದ್ದಕ್ಕಿದ್ದಂತೆ ತನ್ನ ಹೊಟ್ಟೆ ಕಾಣಿಸುತ್ತದೆ. ಅಲ್ಲಿಯವರೆಗೆ ಅದು ಇತರರಿಗೆ ಮಾತ್ರ ಕಾಣಿಸುತ್ತಿರುತ್ತದೆ. ನನಗೆ ಅದು ಕಂಡ ಮರುದಿನವೇ ಸಂಕಲ್ಪ ಮಾಡಿದೆ. ದಿನವೂ ಬೆಳಿಗ್ಗೆ ಬಂಟ್ವಾಳದಲ್ಲಿ ನೇತ್ರಾವತಿಯ ಬದಿಯಲ್ಲಿ ಒಂದು ಗಂಟೆ ಓಡಬೇಕು. ಮಳೆಗಾಲ ಕಳೆದ ಮೇಲೆ ಬೆಳ್ತಂಗಡಿಯ ಗಡಾಯಿಕಲ್ಲನ್ನು ಹತ್ತಬೇಕು. 1794ರಲ್ಲಿ ಟಿಪ್ಪು ಸುಲ್ತಾನನು ತನ್ನ ತಾಯಿಯ ಹೆಸರಿನಲ್ಲಿ ಜಮಲಾಬಾದ್ ಕೋಟೆ ಕಟ್ಟಿಸಿದ್ದು ಆ ಬಂಡೆಯ ಮೇಲೆಯೇ. ಅದಕ್ಕೆ 1,800ಕ್ಕೂ ಮಿಕ್ಕಿದ ಮೆಟ್ಟಿಲುಗಳು.

“ಭಾವ, ಮೊದಲು ಡಾಕ್ಟ್ರಿಗೆ ತೋರಿಸಿ” ಎಂದ ನನ್ನ ಹೆಂಡತಿಯ ತಮ್ಮ.

ನನಗೆ ಸಿಟ್ಟು ಬಂತು. ನನ್ನ ಕಾಲು, ನನ್ನ ದಾರಿ. ಓಡುವುದಕ್ಕೆ ಇನ್ನೊಬ್ಬರ ಅಪ್ಪಣೆ ಏಕೆ? 2020ರ ಫೆಬ್ರವರಿಯಲ್ಲಿ ಮೂಡುಬಿದಿರೆಯ ಬಳಿಯ ಮಿಜಾರಿನ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರು ಕೆಸರನ್ನು ಕೋಣಗಳೊಂದಿಗೆ 13.62 ಸೆಕೆಂಡಿನಲ್ಲಿ ದಾಟಿದಾಗ ಯಾರ ಚೀಟಿ ಇತ್ತು? ಹೀಗೆ ವಾದಿಸಿದೆ. ಆದರೆ ಆ ಉದಾಹರಣೆ ನನಗೇ ತಿರುಗಿ ಬಿತ್ತು. ದೇಶವೆಲ್ಲ ಅವರನ್ನು ಕೊಂಡಾಡಿ, ಓಟದ ಪರೀಕ್ಷೆಗೆ ಬನ್ನಿರೆಂದು ಕ್ರೀಡಾ ಪ್ರಾಧಿಕಾರವೇ ಕರೆದಾಗ, ಕಂಬಳದ ಓಟ ಬೇರೆ, ಇದು ಬೇರೆ ಎಂದು ಅವರು ಹೋಗಲಿಲ್ಲ. ತನ್ನ ಮೈಯನ್ನು ವರ್ಷಗಟ್ಟಲೆ ದುಡಿಸಿದವನಿಗೆ ಅದರ ಎಲ್ಲೆ ತಿಳಿದಿರುತ್ತದೆ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತ ನನಗೆ ನನ್ನ ಮೈಯ ಪರಿಚಯ ಎಷ್ಟರದು?

ಅಂತೂ ಬೆಳ್ತಂಗಡಿಯ ಒಬ್ಬ ವೈದ್ಯರಲ್ಲಿಗೆ ಹೋದೆ. ಅವರು ಯಂತ್ರಕ್ಕಿಂತ ಮೊದಲು ಪ್ರಶ್ನೆಗಳನ್ನು ಹೊರತೆಗೆದರು. ನಡೆಯುವಾಗ, ಹತ್ತುವಾಗ ಎದೆಯಲ್ಲಿ ನೋವೋ ಬಿಗಿತವೋ ಆದದ್ದುಂಟೆ? ತಲೆ ತಿರುಗಿ ಬಿದ್ದದ್ದುಂಟೆ? ರಕ್ತದೊತ್ತಡಕ್ಕೆ ಮದ್ದು ಉಂಟೆ? “ಇಲ್ಲ”, “ಇಲ್ಲ”, “ಇಲ್ಲ.” ಇ.ಸಿ.ಜಿ.ಯ ಗೆರೆಗಳೂ ನನ್ನ ಪಕ್ಷ ವಹಿಸಿದವು. ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಪರೀಕ್ಷೆ ಪಾಸಾದ ಹುಡುಗನಂತೆ ಮನೆಗೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟೆ.

ಹೆಂಡತಿ ಅದನ್ನು ಓದಿ, “ಕಾರಿಂಜದ ವಿಷಯ ಹೇಳಿದಿರಾ?” ಎಂದಳು.

ಹೇಳಿರಲಿಲ್ಲ. ಅದಕ್ಕೂ ಆರು ತಿಂಗಳ ಹಿಂದೆ ಕಾರಿಂಜೇಶ್ವರನ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಎದೆಯನ್ನು ಯಾರೋ ಹಗ್ಗದಿಂದ ಬಿಗಿದಂತಾಗಿ, ಮಂಗಗಳನ್ನು ನೋಡುವ ನೆಪದಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದೆ. ಕುಳಿತೊಡನೆ ಹೋಯಿತು. ಮರೆತೆನೆ? ಇಲ್ಲ. ವೈದ್ಯರು ಕೇಳಿದ ಕ್ಷಣದಲ್ಲಿ ಆ ಮೆಟ್ಟಿಲು, ಆ ಮಂಗ ಎಲ್ಲವೂ ಕಣ್ಣ ಮುಂದೆ ಬಂದಿದ್ದವು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ನಿತ್ಯ ವ್ಯಾಯಾಮ ಮಾಡುತ್ತಿದ್ದವರೇ ಹೋದರಲ್ಲ ಎಂಬ ಭಯದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮೈಸೂರಿನಲ್ಲೂ ಹಾಗೆಯೇ. ಆ ಸಾಲಿನಲ್ಲಿ ಎಷ್ಟು ಮಂದಿ ತಿಳಿಯಲು ನಿಂತಿದ್ದರು, ಎಷ್ಟು ಮಂದಿ ‘ಏನೂ ಇಲ್ಲ’ ಎಂಬ ಮಾತನ್ನು ಕೇಳಲು ನಿಂತಿದ್ದರು? ನಾನಂತೂ ಎರಡನೆಯ ಪಂಗಡದವನು. ಬೇಡವೆಂದರೆ ಒಪ್ಪಿಕೊಳ್ಳುವ ಮನಸ್ಸಿಲ್ಲದೆ ಅಪ್ಪಣೆ ಕೇಳಿದ್ದೆ. ‘ಬೇಡ’ ಎನ್ನಲು ವೈದ್ಯರಿಗಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿ, ಹೊಣೆಯನ್ನು ಮಾತ್ರ ಅವರ ಸಹಿಯ ಮೇಲೆ ಹೊರಿಸಿದ್ದೆ.

ಎಲ್ಲರೂ ವೈದ್ಯರ ಬಾಗಿಲು ತಟ್ಟಬೇಕೆಂದು ಶಾಸ್ತ್ರವೂ ಹೇಳುವುದಿಲ್ಲ. ಅರ್ಧಬಲದಲ್ಲಿ ವ್ಯಾಯಾಮ ಮಾಡಬೇಕೆಂದ ವಾಗ್ಭಟನು, ಮಕ್ಕಳು, ಮುದುಕರು, ಅಜೀರ್ಣದವರು ಮಾಡಬಾರದೆಂದೂ ಪಟ್ಟಿ ಕೊಟ್ಟಿದ್ದಾನೆ. ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆ 2015ರಲ್ಲಿ ತನ್ನ ನಿಯಮವನ್ನು ಸಡಿಲಿಸಿತು. ಈಗ ಅವರು ಮುಖ್ಯವಾಗಿ ನೋಡುವುದು ಅಭ್ಯಾಸ ಇದೆಯೆ, ಹೃದಯದ, ಮೂತ್ರಪಿಂಡದ ರೋಗ ಅಥವಾ ಸಿಹಿಮೂತ್ರ ಉಂಟೆ, ರೋಗದ ಸೂಚನೆ ಕಂಡಿದೆಯೆ, ಎಷ್ಟು ಬಿರುಸಿನ ವ್ಯಾಯಾಮ ಎಂಬುದನ್ನು. ಮೆಲ್ಲನೆ ನಡೆಯಲು ಆರೋಗ್ಯವಂತನಿಗೆ ಯಾರ ಚೀಟಿಯೂ ಬೇಡ. ಹೃದಯದ ರಕ್ತನಾಳ ಕಿರಿದಾಗಿದ್ದರೂ, ಮಲಗಿದವನ ಇ.ಸಿ.ಜಿ. ಚೆನ್ನಾಗಿಯೇ ಬರಬಹುದು. ಆದ್ದರಿಂದ ಯಂತ್ರಕ್ಕಿಂತ ರೋಗಿಯ ಬಾಯಿಮಾತೇ ದೊಡ್ಡ ಸಾಕ್ಷಿ. ನಾನು ಕೆಡಿಸಿದ್ದು ಆ ಸಾಕ್ಷಿಯನ್ನು.

ಮರಳಿ ಹೋದೆ. ವೈದ್ಯರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಹಳೆಯ ಚೀಟಿಯನ್ನು ಹಿಂದಕ್ಕೆ ಇಸಕೊಂಡು, ಮಂಗಳೂರಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಬನ್ನಿ, ಅಲ್ಲಿಯವರೆಗೆ ಮೆಲ್ಲಗೆ ನಡೆದರೆ ಸಾಕು, ಗಡಾಯಿಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು.

ಈ ಕತೆಯನ್ನು ನಮ್ಮ ತೋಟಕ್ಕೆ ಬರುವಾತನಿಗೆ ನಗುತ್ತ ಹೇಳಿದೆ. ಅವನಿಗೂ ನನ್ನದೇ ಪ್ರಾಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ದಿನಕ್ಕೆ ಎಷ್ಟೋ ಅಡಿಕೆ ಮರ ಹತ್ತಿ ಇಳಿಯುತ್ತಾನೆ. ಹೇಳುತ್ತಿದ್ದಂತೆ ನಗು ನಿಂತಿತು. ಹತ್ತುವಾಗ ಎದೆ ಬಿಗಿಯುತ್ತದೆಯೆ ಎಂದು ಇಷ್ಟು ವರ್ಷಗಳಲ್ಲಿ ನಾನು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಆಗ ಕೇಳಿದೆ.

“ಒಮ್ಮೊಮ್ಮೆ ಆಗ್ತದೆ ಮಾಷ್ಟ್ರೇ.”

“ನಾಳೆ ನನ್ನ ಜೊತೆ ಡಾಕ್ಟ್ರಲ್ಲಿಗೆ ಬಾ. ಖರ್ಚು ನನ್ನದು.”

ಅವನು ತಲೆಗೆ ಕಟ್ಟಿದ ಮುಂಡಾಸನ್ನು ಬಿಚ್ಚಿ ಮುಖ ಒರೆಸಿಕೊಂಡ. “ಖರ್ಚಿನದ್ದಲ್ಲ. ಹತ್ತಬೇಡ ಅಂತ ಹೇಳಿದ್ರೆ ಮತ್ತೆ ನಾನು ಎಂತ ಮಾಡುದು?”

ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ‘ಬೇಡ’ ಎಂದರೆ ಒಂದು ಬೆಟ್ಟ ತಪ್ಪುತ್ತದೆ, ಅಷ್ಟೆ. ನೆಲದ ಮೇಲಿನ ಕೆಲಸ ಕೊಡುತ್ತೇನೆ, ಸಂಬಳ ಕಡಿಮೆ ಮಾಡುವುದಿಲ್ಲ ಎಂದು ಹೇಳಲು ನನಗೆ ಎರಡು ದಿನ ಹಿಡಿಯಿತು. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ, ಆ ಎರಡು ದಿನ ನಾನು ಲೆಕ್ಕ ಹಾಕುತ್ತಿದ್ದೆ.

ಹೇಳಿದಾಗ ಅವನು ಮರದ ತುದಿಯನ್ನೊಮ್ಮೆ ನೋಡಿ, “ಈ ಸಲದ ಮದ್ದು ಮುಗೀಲಿ, ನೋಡುವ” ಎಂದ. ಇನ್ನೂ ನಲವತ್ತು ಮರ ಬಾಕಿ ಇದ್ದವು. ಮರುದಿನ ಬೇರೆ ಜನ ಹುಡುಕಲು ಹೊರಟೆ.